ಆಸ್ಪತ್ರೆಗೆ ಬರಲೊಪ್ಪದವರ ಮನೆಗೆ ಚಿಕಿತ್ಸೆಯ ತಂಡವೇ ಬರುವ ಪದ್ಧತಿ: ತಿಳಿದವರು ದಯವಿಟ್ಟು ಹೇಳಿ

ಪ್ರಶ್ನೆ ಕೇಳಿದವರು: ಮಲೆನಾಡಿನ ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಈಗ 38 ವರ್ಷ. ಅವನಿಗೆ ಸ್ಕಿಜೋಫ್ರೇನಿಯಾ ಇದೆ ಎಂದು ವೈದ್ಯರು ಹೇಳಿ 15 ವರ್ಷವಾಯಿತು. ಈ ಅವಧಿಯಲ್ಲಿ ಐದು ಸಲ ಅವನನ್ನು ಆಸ್ಪತ್ರೆಗೆ ಸೇರಿಸಿದ್ದೇವೆ. ಐದು ಸಲವೂ ಅವನು ಸುಧಾರಿಸಿಕೊಂಡೇ ಮನೆಗೆ ಬಂದಿದ್ದಾನೆ. ಬಂದ ಹೊಸತರಲ್ಲಿ ತಾನಾಗಿಯೇ ಸ್ನಾನ ಮಾಡುತ್ತಾನೆ, ಅಮ್ಮನ ಕೈಯಿಂದ ಹಾಲಿನ ಕ್ಯಾನು ತೆಗೆದುಕೊಂಡು ಡೇರಿಗೆ ಹೋಗಿ ಬರುತ್ತಾನೆ, ಅಡಿಕೆ ಸುಲಿಯುವ ಕಾಲವಾದರೆ ಎಲ್ಲರ ಜೊತೆ ಕೂತು ಸುಲಿಯುತ್ತಾನೆ. ಎರಡು ಮೂರು ತಿಂಗಳಾಗುವಷ್ಟರಲ್ಲಿ ‘ನನಗೇನಾಗಿದೆ, ಮಾತ್ರೆ ಯಾಕೆ’ ಎಂಬ ಮಾತು ಶುರುವಾಗುತ್ತದೆ. ಆಮೇಲೆ ನಿದ್ದೆ ಹೋಗುತ್ತದೆ, ರಾತ್ರಿಯೆಲ್ಲ ಒಬ್ಬನೇ ಮಾತನಾಡುತ್ತಾನೆ, ಪಕ್ಕದ ಮನೆಯವರು ಊಟಕ್ಕೆ ಏನೋ ಬೆರೆಸುತ್ತಿದ್ದಾರೆ ಎಂದು ಹೆದರಿ ಉಣ್ಣುವುದನ್ನೇ ಬಿಡುತ್ತಾನೆ.

ಕಳೆದ ದೀಪಾವಳಿಗೆ ಅವನ ಕೋಣೆ ಗುಡಿಸುವಾಗ, ಕಿಟಕಿಯ ದಾರಂದದ ಸಂದಿಯಲ್ಲಿ ಕ್ಯಾಲೆಂಡರಿನ ಹಾಳೆಯಲ್ಲಿ ಮಡಚಿಟ್ಟ ಪೊಟ್ಟಣ ಸಿಕ್ಕಿತು. ಒಳಗೆ ನಲವತ್ತಕ್ಕೂ ಹೆಚ್ಚು ಮಾತ್ರೆಗಳಿದ್ದವು. ಎಲ್ಲವೂ ಒಮ್ಮೆ ಬಾಯಿಗೆ ಹೋಗಿ ಹೊರಗೆ ಬಂದವು. ಬಣ್ಣ ಬಿಟ್ಟು ಒಂದಕ್ಕೊಂದು ಅಂಟಿಕೊಂಡಿದ್ದವು. ದಿನವೂ ಅವನ ಎದುರು ನಿಂತು ನೀರು ಕುಡಿಸುತ್ತಿದ್ದ ಅಮ್ಮ ಅದನ್ನು ನೋಡಿ ಒಂದು ಮಾತೂ ಆಡಲಿಲ್ಲ. ಅವರಿಗೆ ಎಪ್ಪತ್ತು ದಾಟಿದೆ.

ಆಸ್ಪತ್ರೆಗೆ ಹೋದಾಗಲೆಲ್ಲ ಬೇರೆ ವೈದ್ಯರಿರುತ್ತಾರೆ. 15 ವರ್ಷದ ಕಥೆಯನ್ನು ಐದು ನಿಮಿಷದಲ್ಲಿ ಮತ್ತೆ ಮೊದಲಿನಿಂದ ಹೇಳಬೇಕು. ಅವನು ಬರಲೊಪ್ಪದಿದ್ದಾಗ ‘ಪೇಷಂಟನ್ನು ಕರೆದುಕೊಂಡು ಬನ್ನಿ, ನೋಡದೆ ಏನು ಹೇಳುವುದು’ ಎನ್ನುತ್ತಾರೆ. ಅವರು ಹೇಳುವುದೂ ಸರಿಯೇ. ಆದರೆ ಬರುವುದಿಲ್ಲ ಎನ್ನುವುದೇ ಅವನ ಕಾಯಿಲೆಯ ಒಂದು ಭಾಗವಾಗಿರುವಾಗ ನಾವು ಏನು ಮಾಡಬೇಕು?

ಅಮೆರಿಕದಲ್ಲಿರುವ ನಮ್ಮ ಚಿಕ್ಕಪ್ಪನ ಮಗಳು, ಅಲ್ಲಿ ಇಂಥವರಿಗಾಗಿ ವೈದ್ಯರು, ದಾದಿಯರು, ಸಮಾಜ ಕಾರ್ಯಕರ್ತರು ಸೇರಿದ ತಂಡವೊಂದು ಮನೆಗೇ ಬಂದು ವರ್ಷಗಟ್ಟಲೆ ನೋಡಿಕೊಳ್ಳುತ್ತದೆ ಎಂದು ಹೇಳಿದಳು. ಆ ತಂಡ ನಿಜವಾಗಿ ಏನು ಮಾಡುತ್ತದೆ, ಬಲವಂತ ಮಾಡುತ್ತದೆಯೇ, ಕರ್ನಾಟಕದಲ್ಲಿ ಅಂಥದ್ದು ಎಲ್ಲಾದರೂ ಇದೆಯೇ ಎಂಬುದನ್ನು ಬಲ್ಲವರು ತಿಳಿಸಿದರೆ ತುಂಬ ಉಪಕಾರವಾಗುತ್ತದೆ.

ಉತ್ತರ 1: ಒಂಟಾರಿಯೊ ದಾದಿ

ಅಕ್ಕಾ, ನಾನು ಹಾಸನ ಜಿಲ್ಲೆಯವಳು. ಒಂಬತ್ತು ವರ್ಷಗಳಿಂದ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ನೀವು ಹೇಳಿದಂಥ ತಂಡವೊಂದರಲ್ಲೇ ದಾದಿಯಾಗಿದ್ದೇನೆ. ಈ ಪದ್ಧತಿಗೆ ‘ಅಸರ್ಟಿವ್ ಕಮ್ಯುನಿಟಿ ಟ್ರೀಟ್‌ಮೆಂಟ್’ ಎಂದು ಹೆಸರು. ಚಿಕ್ಕದಾಗಿ ‘ಆಕ್ಟ್’ ಎನ್ನುತ್ತೇವೆ.

ಇದು ಹುಟ್ಟಿದ್ದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದಲ್ಲಿ, 1970ರ ದಶಕದ ಆರಂಭದಲ್ಲಿ. ಅಲ್ಲಿನ ಮೆಂಡೋಟ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಲೆನಾರ್ಡ್ ಸ್ಟೈನ್, ಮೇರಿ ಆನ್ ಟೆಸ್ಟ್, ಅರ್ನಾಲ್ಡ್ ಮಾರ್ಕ್ಸ್ ಎಂಬವರು ನೀವು ಈಗ ಬರೆದ ಸಂಗತಿಯನ್ನೇ ಗಮನಿಸಿದರು: ವಾರ್ಡಿನಲ್ಲಿ ಚೆನ್ನಾಗಿದ್ದವರು ಮನೆಗೆ ಹೋದ ಕೆಲವು ತಿಂಗಳಲ್ಲಿ ಅದೇ ಸ್ಥಿತಿಯಲ್ಲಿ ಮರಳಿ ಬರುತ್ತಿದ್ದರು. ಅಡುಗೆ ಮಾಡುವುದು, ಬಸ್ಸು ಹತ್ತುವುದು, ಬಾಡಿಗೆ ಕಟ್ಟುವುದು ಇವನ್ನೆಲ್ಲ ವಾರ್ಡಿನಲ್ಲಿ ಎಷ್ಟು ಕಲಿಸಿದರೂ ಅದು ಮನೆಯವರೆಗೆ ಬರುತ್ತಿರಲಿಲ್ಲ. ಹಾಗಾಗಿ ಅವರು ವಾರ್ಡಿನ ಸಿಬ್ಬಂದಿಯನ್ನೇ ಊರೊಳಗೆ ಕಳುಹಿಸಿ, ಆಸ್ಪತ್ರೆಯಲ್ಲಿ ಸಿಗುವ ನೆರವೆಲ್ಲ ರೋಗಿ ಬದುಕುವ ಜಾಗದಲ್ಲೇ ಸಿಗುವಂತೆ ಮಾಡಿದರು. 1980ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ನನಗೆ ಬಹಳ ಮುಖ್ಯವೆನಿಸುವ ಅಂಶವೊಂದಿದೆ. 14 ತಿಂಗಳು ತಂಡದ ಆರೈಕೆಯಲ್ಲಿದ್ದವರು ಆಸ್ಪತ್ರೆಗೆ ಸೇರುವುದು ಬಹಳ ಕಡಿಮೆಯಾಗಿತ್ತು. ಆದರೆ 14 ತಿಂಗಳ ನಂತರ ಆರೈಕೆ ನಿಲ್ಲಿಸಿದಾಗ ಆ ಲಾಭದ ಬಹುಪಾಲು ಕರಗಿಹೋಯಿತು. ಅದಕ್ಕಾಗಿಯೇ ನಮ್ಮ ಕೆಲಸಕ್ಕೆ ‘ಇಷ್ಟು ತಿಂಗಳು’ ಎಂಬ ಗಡುವಿಲ್ಲ.

ತಂಡದಲ್ಲಿ ಮನೋವೈದ್ಯರು, ದಾದಿಯರು, ಸಮಾಜ ಕಾರ್ಯಕರ್ತರು, ಕುಡಿತ ಮತ್ತು ಮಾದಕ ವ್ಯಸನದ ವಿಷಯ ಬಲ್ಲವರು, ಉದ್ಯೋಗ ಹುಡುಕಿಕೊಡುವವರು ಇರುತ್ತಾರೆ. ಇವರ ಜೊತೆಗೆ, ಇದೇ ಕಾಯಿಲೆಯನ್ನು ಅನುಭವಿಸಿ ಚೇತರಿಸಿಕೊಂಡ ಒಬ್ಬರು ಸಂಬಳದ ಸಿಬ್ಬಂದಿಯಾಗಿಯೇ ಇರುತ್ತಾರೆ. ಒಬ್ಬ ಸಿಬ್ಬಂದಿಗೆ ಸುಮಾರು ಹತ್ತು ಮಂದಿ ರೋಗಿಗಳು ಎಂಬುದು ಅಳತೆ. ಆದರೆ ‘ಇವರು ನನ್ನವರು, ಅವರು ನಿನ್ನವರು’ ಎಂಬ ಹಂಚಿಕೆಯಿಲ್ಲ. ಎಲ್ಲ ರೋಗಿಗಳೂ ಇಡೀ ತಂಡಕ್ಕೆ ಸೇರಿದವರು. ಬೆಳಿಗ್ಗೆ ಎಲ್ಲರೂ ಸೇರಿ ಪ್ರತಿಯೊಬ್ಬರ ಹೆಸರನ್ನೂ ಓದುತ್ತೇವೆ. ‘ನಿನ್ನೆ ಬಾಗಿಲು ತೆಗೆಯಲಿಲ್ಲ, ಆದರೆ ಒಳಗೆ ಟಿವಿ ಸದ್ದಿತ್ತು’ ಎಂದು ಒಬ್ಬರು ಹೇಳಿದರೆ ಸಾಕು, ಆ ದಿನದ ಓಡಾಟವನ್ನೇ ಬದಲಿಸುತ್ತೇವೆ. ನಾನು ರಜೆಯಲ್ಲಿದ್ದರೂ, ಕೆಲಸ ಬಿಟ್ಟು ಹೋದರೂ, ಅವರ ಕಥೆ ಬಲ್ಲವರು ಇನ್ನೂ ಒಂಬತ್ತು ಹತ್ತು ಮಂದಿ ಇರುತ್ತಾರೆ. ನೀವು ಹೇಳಿದ ‘ಮತ್ತೆ ಮೊದಲಿನಿಂದ’ ಎಂಬ ಕಷ್ಟಕ್ಕೆ ಈ ಪದ್ಧತಿ ಕೊಡುವ ಉತ್ತರ ಇದೇ.

ಬಲವಂತದ ಬಗ್ಗೆ ಕೇಳಿದ್ದೀರಿ. ನಾನು ನೋಡಿಕೊಳ್ಳುವ ಹಿರಿಯರೊಬ್ಬರು ಮೊದಲ ನಾಲ್ಕು ತಿಂಗಳು ನನ್ನನ್ನು ಬಾಗಿಲ ಒಳಗೆ ಬಿಟ್ಟಿರಲಿಲ್ಲ. ವಾರಕ್ಕೆ ಎರಡು ಸಲ ಹೋಗಿ, ಹಿಮ ಬಿದ್ದ ಮೆಟ್ಟಿಲ ಮೇಲೆ ನಿಂತು, ಒಂದು ಕಾಫಿ ಕೊಟ್ಟು, ಎರಡು ಮಾತಾಡಿ ಬರುತ್ತಿದ್ದೆ. ಮಾತ್ರೆಯ ಹೆಸರನ್ನೇ ಎತ್ತುತ್ತಿರಲಿಲ್ಲ. ಐದನೆಯ ತಿಂಗಳು ಅವರೇ ‘ಹೀಟರ್ ಕೆಲಸ ಮಾಡುತ್ತಿಲ್ಲ, ಮಾಲೀಕನಿಗೆ ಹೇಳುತ್ತೀಯಾ’ ಎಂದು ಕೇಳಿದರು. ಅದನ್ನು ಸರಿಪಡಿಸಿಕೊಟ್ಟ ಮೇಲೆ ಒಳಗೆ ಕರೆದರು. ಮಾತ್ರೆಯ ಮಾತು ಶುರುವಾದದ್ದು ಅದಾದ ಎಷ್ಟೋ ದಿನಗಳ ನಂತರ. ಹಾಗೆಂದು ಎಲ್ಲವೂ ಹೀಗೆಯೇ ನಡೆಯುತ್ತದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಒಂಟಾರಿಯೊದಲ್ಲಿ 2000ದಲ್ಲಿ ಬಂದ ಕಾನೂನಿನ ಪ್ರಕಾರ ಕೆಲವರಿಗೆ, ಆಸ್ಪತ್ರೆಯ ಹೊರಗಿದ್ದುಕೊಂಡೇ ಚಿಕಿತ್ಸೆ ತೆಗೆದುಕೊಳ್ಳಬೇಕೆಂಬ ಸಮುದಾಯ ಚಿಕಿತ್ಸಾ ಆದೇಶವಿರುತ್ತದೆ. ಅದರ ಷರತ್ತು ಮುರಿದರೆ ಪೊಲೀಸರು ಅವರನ್ನು ಪರೀಕ್ಷೆಗೆ ಕರೆತರಬಹುದು. ಅಂಥ ದಿನ ನಮ್ಮ ಮೇಲೆ ಅವರಿಟ್ಟ ನಂಬಿಕೆಗೆ ಪೆಟ್ಟು ಬೀಳುತ್ತದೆ. ಅದನ್ನು ಮತ್ತೆ ಗಳಿಸಲು ತಿಂಗಳುಗಳು ಬೇಕಾಗುತ್ತವೆ.

ಇನ್ನೊಂದು ವಿಷಯವನ್ನೂ ತಿಳಿದಿರಿ. ಈ ಪದ್ಧತಿ ಎಲ್ಲೆಡೆ ಒಂದೇ ಫಲ ಕೊಟ್ಟಿಲ್ಲ. ಲಂಡನ್ನಿನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಸ್ಪತ್ರೆಯಲ್ಲಿರುವ ದಿನಗಳೇನೂ ಕಡಿಮೆಯಾಗಲಿಲ್ಲ. ಆದರೆ ರೋಗಿಗಳು ಸೇವೆಯನ್ನು ಬಿಟ್ಟುಹೋಗದೆ ಉಳಿದರು, ಸೇವೆ ಹಿಡಿಸಿತು ಎಂದರು. ಅಲ್ಲಿ ಮೊದಲಿನಿಂದಲೂ ಮನೆಗೆ ಹೋಗುವ ಸಾಮಾನ್ಯ ತಂಡಗಳು ಇದ್ದದ್ದರಿಂದ ವ್ಯತ್ಯಾಸ ಕಡಿಮೆ ಕಂಡಿತು ಎಂದು ಹಲವರು ವಿವರಿಸುತ್ತಾರೆ. ನೆದರ್‌ಲ್ಯಾಂಡ್ಸ್‌ನವರು ಇದನ್ನು ಸಡಿಲಗೊಳಿಸಿ, ಒಂದೇ ತಂಡ ಸುಮಾರು 200 ಮಂದಿಯನ್ನು ನೋಡಿಕೊಳ್ಳುವಂತೆ ಮಾಡಿದ್ದಾರೆ. ಯಾರ ಸ್ಥಿತಿ ಹದಗೆಡುತ್ತಿದೆಯೋ ಅವರ ಹೆಸರು ಬೋರ್ಡಿಗೆ ಏರುತ್ತದೆ, ಅವರ ಮನೆಗೆ ದಿನವೂ ಭೇಟಿ ಶುರುವಾಗುತ್ತದೆ. ಸುಧಾರಿಸಿದ ಮೇಲೆ ಹೆಸರು ಇಳಿಯುತ್ತದೆ, ತಂಡ ಮಾತ್ರ ಅದೇ ಇರುತ್ತದೆ. ನಮ್ಮ ದೇಶಕ್ಕೆ ಈ ಬಗೆಯೇ ಹೆಚ್ಚು ಹೊಂದೀತು ಎಂದು ನನ್ನ ಭಾವನೆ. ಕರ್ನಾಟಕದ ವ್ಯವಸ್ಥೆಯನ್ನು ನನಗಿಂತ ಚೆನ್ನಾಗಿ ಬಲ್ಲವರು ಮುಂದೆ ಬರೆಯಲಿ.

ಉತ್ತರ 2: ನಿವೃತ್ತ ಸಮಾಜ ಕಾರ್ಯಕರ್ತ

ಮಲೆನಾಡಿನ ಸಹೋದರಿಗೆ ನಮಸ್ಕಾರ. ಮನೋವೈದ್ಯಕೀಯ ಸಮಾಜ ಕಾರ್ಯಕರ್ತನಾಗಿ ಮೂರು ದಶಕ ಕೆಲಸ ಮಾಡಿ ನಿವೃತ್ತನಾಗಿದ್ದೇನೆ. ಮೊದಲೇ ನೇರವಾಗಿ ಹೇಳಿಬಿಡುತ್ತೇನೆ: ಒಂಟಾರಿಯೊದ ಸಹೋದರಿ ವಿವರಿಸಿದಂಥ, ಹತ್ತು ಜನಕ್ಕೆ ಒಬ್ಬರು ಎಂಬ ಅಳತೆಯ ತಂಡವನ್ನು ನಿಮ್ಮ ತಾಲ್ಲೂಕಿನಲ್ಲಿ ನಿರೀಕ್ಷಿಸಬೇಡಿ. ಆದರೆ ಚಿಕಿತ್ಸೆಯನ್ನೇ ಹಳ್ಳಿಗೆ ಒಯ್ಯಬೇಕೆಂಬ ಯೋಚನೆ ಕರ್ನಾಟಕಕ್ಕೆ ಹೊಸದಲ್ಲ. ನಿಮ್ಹಾನ್ಸ್ ಸಂಸ್ಥೆ 1975ರ ಸುಮಾರಿಗೆ ಸಮುದಾಯ ಮನೋವೈದ್ಯ ಘಟಕವನ್ನು ತೆರೆದು, ಬನ್ನೇರುಘಟ್ಟ ರಸ್ತೆಯ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವನ್ನು ನಡೆಸಿತು. ಅಲ್ಲಿ ಕಲಿತದ್ದನ್ನು 1985ರಿಂದ ಇಡೀ ಬಳ್ಳಾರಿ ಜಿಲ್ಲೆಗೆ ವಿಸ್ತರಿಸಲಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾತ್ರೆಗಳು ಅಲ್ಲೇ ಸಿಗುವಂತೆ ಮಾಡಿದ ಆ ಪ್ರಯೋಗವನ್ನು ಆಧರಿಸಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ‘ಬಳ್ಳಾರಿ ಮಾದರಿ’ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ.

ನಿಮ್ಮ ತಮ್ಮನಂಥವರ ವಿಷಯಕ್ಕೆ ಇದಕ್ಕಿಂತ ಹತ್ತಿರದ್ದು ತೀರ್ಥಹಳ್ಳಿಯ ಕೆಲಸ. 2005ರಿಂದ ನಿಮ್ಹಾನ್ಸ್ ತಂಡ ಆ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಗುರುತಿಸಿ, ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಅವರ ಜಾಡು ಬಿಡದೆ ನೋಡಿಕೊಂಡಿತು. ತುಮಕೂರು ಜಿಲ್ಲೆಯ ತುರುವೇಕೆರೆಯಲ್ಲೂ ಇದೇ ಬಗೆಯ ಕೆಲಸ ನಡೆಯಿತು. ವರ್ಷಗಟ್ಟಲೆ ಔಷಧವನ್ನೇ ಕಾಣದೆ ಮನೆಯ ಮೂಲೆ ಹಿಡಿದಿದ್ದವರೂ, ಕ್ರಮವಾಗಿ ಚಿಕಿತ್ಸೆ ದೊರೆತಾಗ ದಿನನಿತ್ಯದ ಬದುಕಿನಲ್ಲಿ ಗಮನಾರ್ಹವಾಗಿ ಸುಧಾರಿಸಿದರು ಎಂಬುದು ಅಲ್ಲಿಂದ ಸಿಕ್ಕ ದೊಡ್ಡ ತಿಳಿವಳಿಕೆ. ತಮಿಳುನಾಡು, ಗೋವಾ, ಮಹಾರಾಷ್ಟ್ರಗಳಲ್ಲಿ 282 ಮಂದಿಯನ್ನು ಸೇರಿಸಿಕೊಂಡು ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೆ. ಅದರಲ್ಲಿ ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು ಮನೆಮನೆಗೆ ಹೋಗಿ ನೆರವಾದಾಗ, ಬರಿಯ ಆಸ್ಪತ್ರೆಯ ಚಿಕಿತ್ಸೆಗಿಂತ ರೋಗಲಕ್ಷಣವೂ ಅಸಮರ್ಥತೆಯೂ ಸ್ವಲ್ಪ ಹೆಚ್ಚು ತಗ್ಗಿದವು. ಆ ವ್ಯತ್ಯಾಸ ದೊಡ್ಡದಲ್ಲ. ಆದರೂ ‘ಸ್ವಲ್ಪ’ ಎಂಬುದು ಒಬ್ಬ ವ್ಯಕ್ತಿ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೋಗುವುದಕ್ಕೂ ಹೋಗದಿರುವುದಕ್ಕೂ ಇರುವ ಅಂತರವಾಗಬಹುದು ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಈಗ ನೀವು ಮಾಡಬಹುದಾದದ್ದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರಲ್ಲದೆ ಸಮಾಜ ಕಾರ್ಯಕರ್ತರಿಗೂ ದಾದಿಯರಿಗೂ ಹುದ್ದೆಗಳಿವೆ. 2014ರಲ್ಲಿ ಆರಂಭವಾದ ‘ಮನೋಚೈತನ್ಯ’ ಯೋಜನೆಯಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ; ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂಬುದನ್ನು ವಿಚಾರಿಸಿಕೊಳ್ಳಿ. ತಮ್ಮ ಬರಲೊಪ್ಪದಿದ್ದರೂ ನೀವು ಹೋಗಿ. ಹೋಗುವಾಗ ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಯಾವ ವರ್ಷ ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಯಾವುದರಿಂದ ಕೈ ನಡುಗಿತು, ಯಾವುದರಿಂದ ನಿದ್ದೆ ಬಂದಿತು, ನಿಲ್ಲಿಸಿದ ಎಷ್ಟು ದಿನಕ್ಕೆ ಮತ್ತೆ ಶುರುವಾಯಿತು ಎಂಬುದನ್ನು ಬರೆದುಕೊಂಡು ಹೋಗಿ. ವೈದ್ಯರು ಬದಲಾದರೂ ಆ ಪುಸ್ತಕ ಬದಲಾಗುವುದಿಲ್ಲ. ಅಲ್ಲಿನ ಸಮಾಜ ಕಾರ್ಯಕರ್ತರನ್ನು ಪ್ರತ್ಯೇಕವಾಗಿ ಕಂಡು, ಮನೆಗೆ ಒಮ್ಮೆ ಬರಲು ಕೇಳಿಕೊಳ್ಳಿ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನೂ ಜೊತೆಗೆ ಸೇರಿಸಿಕೊಳ್ಳಿ. ದೂರವಾಣಿಯಲ್ಲಿ ಸಲಹೆ ಬೇಕಾದಾಗ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು; ಕನ್ನಡದಲ್ಲೇ ಮಾತನಾಡಬಹುದು.

ಕಾನೂನಿನ ಬಲವೂ ನಿಮಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರಿಂದ ಜಾರಿಯಲ್ಲಿದೆ. ಅದರ 19ನೆಯ ಸೆಕ್ಷನ್ ಸಮಾಜದೊಳಗೇ ಬಾಳುವ ಹಕ್ಕನ್ನು ಹೇಳುತ್ತದೆ. 98ನೆಯ ಸೆಕ್ಷನ್ ಪ್ರಕಾರ, ಬಿಡುಗಡೆ ಮಾಡುವ ಮೊದಲು ವೈದ್ಯರು ರೋಗಿಯೊಡನೆಯೂ ಅವರನ್ನು ನೋಡಿಕೊಳ್ಳುವವರೊಡನೆಯೂ ಸಮಾಲೋಚಿಸಿ ಮುಂದಿನ ಚಿಕಿತ್ಸೆ ಹೇಗೆ ನಡೆಯಬೇಕೆಂಬ ಯೋಜನೆಯನ್ನು ಸಿದ್ಧಪಡಿಸಬೇಕು. ಮುಂದೆ ಎಂದಾದರೂ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ, ಈ ಯೋಜನೆಯನ್ನು ಬರಹದಲ್ಲಿ ಕೇಳಿ ಪಡೆಯದೆ ಹೊರಡಬೇಡಿ. ಡಿಸ್ಚಾರ್ಜ್ ಚೀಟಿಯಲ್ಲಿ ‘ಎರಡು ವಾರದ ನಂತರ ಓಪಿಡಿಗೆ ಬರುವುದು’ ಎಂಬ ಒಂದು ಸಾಲು ಯೋಜನೆಯಾಗುವುದಿಲ್ಲ. ಇಷ್ಟು ವರ್ಷಗಳ ಕೆಲಸದಲ್ಲಿ ನನಗೆ ಅತಿ ಹೆಚ್ಚು ನೋವು ಕೊಟ್ಟದ್ದು ಆ ಒಂದು ಸಾಲು. ಎಷ್ಟೋ ಮನೆಗಳವರು ಆ ಚೀಟಿ ಹಿಡಿದು ಬಸ್ ನಿಲ್ದಾಣದ ಕಡೆ ನಡೆದು ಹೋಗುವುದನ್ನು ನಾನು ನಿಂತು ನೋಡಿದ್ದೇನೆ.

ಉತ್ತರ 3: ತಿಪಟೂರು ಕಡೆಯ ತಾಯಿ

ತಂಗೀ, ನಿಮ್ಮ ಬರಹ ಓದಿ ನನ್ನ ಮಗನ ಹಳೆಯ ದಿನಗಳೆಲ್ಲ ಕಣ್ಣ ಮುಂದೆ ಬಂದವು. ಅವನೂ ಮಾತ್ರೆಯನ್ನು ಕೆನ್ನೆಯ ಒಳಗಿಟ್ಟುಕೊಂಡು, ಹಿತ್ತಲಿಗೆ ಹೋಗಿ ದಾಸವಾಳದ ಬುಡದಲ್ಲಿ ಉಗಿಯುತ್ತಿದ್ದ. ನಾನು ಬೈದಷ್ಟೂ ಅವನು ಮುಚ್ಚಿಡುವುದು ಹೆಚ್ಚಾಯಿತು.

ನಮ್ಮಲ್ಲಿ ಬದಲಾವಣೆ ತಂದದ್ದು ಒಬ್ಬ ಕಾರ್ಯಕರ್ತೆ. ಆಕೆ ಬಂದ ಮೊದಲ ದಿನ ಮಾತ್ರೆ ನುಂಗಿದೆಯಾ ಎಂದು ಕೇಳಲಿಲ್ಲ. ಮಾತ್ರೆ ತೆಗೆದುಕೊಂಡರೆ ನಿನಗೆ ಏನಾಗುತ್ತದೆ ಎಂದು ಕೇಳಿದರು. ಅವನು ನಾಲಿಗೆ ದಪ್ಪವಾದಂತಾಗುತ್ತದೆ, ಕಾಲು ಒಂದು ಕಡೆ ನಿಲ್ಲುವುದಿಲ್ಲ, ಕೂತರೆ ಏಳಬೇಕು, ಎದ್ದರೆ ನಡೆಯಬೇಕು ಅನ್ನಿಸುತ್ತದೆ ಎಂದ. ಏಳು ವರ್ಷದಲ್ಲಿ ನಾನು ಅದನ್ನು ಕೇಳಿರಲೇ ಇಲ್ಲ. ಆಕೆ ಅದನ್ನು ಬರೆದುಕೊಂಡು ಹೋಗಿ ವೈದ್ಯರಿಗೆ ಹೇಳಿದರು, ಅವರು ಔಷಧ ಬದಲಿಸಿದರು. ಆಮೇಲೆ ಅವನ ಒಪ್ಪಿಗೆಯಿಂದಲೇ ತಿಂಗಳಿಗೊಂದು ಇಂಜೆಕ್ಷನ್ ಶುರು ಮಾಡಿದರು. ಇಂಜೆಕ್ಷನ್ ದಿನ ತಪ್ಪಿದರೆ ಆಕೆಯಿಂದ ಫೋನ್ ಬರುತ್ತಿತ್ತು; ಫೋನ್ ಎತ್ತದಿದ್ದರೆ ಮಾರನೆಯ ದಿನ ಆಕೆಯೇ ಬಾಗಿಲಲ್ಲಿ ಇರುತ್ತಿದ್ದರು.

ಈಗ ನಾಲ್ಕು ವರ್ಷದಿಂದ ಅವನು ಆಸ್ಪತ್ರೆಗೆ ಸೇರಿಲ್ಲ. ಪೂರ್ತಿ ಗುಣವಾಗಿದೆ ಎಂದು ಹೇಳಲಾರೆ, ದನಿಗಳು ಈಗಲೂ ಕೇಳಿಸುತ್ತವಂತೆ. ಆದರೆ ತೆಂಗಿನಕಾಯಿ ಸುಲಿಯುವ ಕೆಲಸಕ್ಕೆ ಹೋಗುತ್ತಾನೆ, ಸಂಜೆ ಬಂದು ಬಟವಾಡೆ ನನ್ನ ಕೈಗೆ ಕೊಡುತ್ತಾನೆ. ನನಗೆ ಇಷ್ಟರ ಮೇಲೆ ಇರುವ ಒಂದೇ ಚಿಂತೆ, ಆಕೆಗೆ ಬೇರೆ ಕಡೆ ವರ್ಗವಾದರೆ ಏನು ಮಾಡುವುದು ಎಂಬುದು. ಒಂಟಾರಿಯೊದ ಮಗಳು ಬರೆದದ್ದನ್ನು ಓದಿದಾಗ, ಒಬ್ಬರ ಬದಲು ಹತ್ತು ಮಂದಿಗೆ ಅವನು ಗೊತ್ತಿರುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿತು.

ಮರುಪ್ರಶ್ನೆ: ಮಲೆನಾಡಿನ ಅಕ್ಕ

ಎಲ್ಲರಿಗೂ ಕೈ ಮುಗಿಯುತ್ತೇನೆ. ತಿಪಟೂರಿನ ಅಮ್ಮ ಬರೆದದ್ದನ್ನು ಓದಿ, ಆ ಪೊಟ್ಟಣದ ವಿಷಯವನ್ನು ನಿನ್ನೆ ಅವನ ಹತ್ತಿರ ಮೊದಲ ಸಲ ಮಾತನಾಡಿದೆ. ಬೈಯಲಿಲ್ಲ, ತೆಗೆದುಕೊಂಡರೆ ಏನಾಗುತ್ತದೆ ಎಂದಷ್ಟೇ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ‘ಬೆಳಿಗ್ಗೆ ಏಳಲಿಕ್ಕೆ ಆಗುವುದಿಲ್ಲ ಅಕ್ಕ, ಎದ್ದಿಲ್ಲ ಅಂತ ಅಮ್ಮ ಬೇಜಾರು ಮಾಡಿಕೊಳ್ಳುತ್ತಾಳೆ’ ಎಂದ. ಬರುವ ಮಂಗಳವಾರ ನೋಟ್‌ಬುಕ್ ಹಿಡಿದು ನಾನೊಬ್ಬಳೇ ಹೋಗುತ್ತೇನೆ. ಒಂದು ಸಂದೇಹ ಉಳಿದಿದೆ. ಅಮ್ಮನ ನಂತರ ಅವನ ವಿಷಯದಲ್ಲಿ ವೈದ್ಯರೊಡನೆ ಮಾತನಾಡುವ ಹಕ್ಕು ನನಗಿರುತ್ತದೆಯೇ? ನಾನು ಮದುವೆಯಾಗಿ ಬೇರೆ ಊರಿನಲ್ಲಿದ್ದೇನೆ.

ಉತ್ತರ 4: ನಿವೃತ್ತ ಸಮಾಜ ಕಾರ್ಯಕರ್ತ

ಅದಕ್ಕೆ ದಾರಿಯಿದೆ. ಅದೇ ಕಾಯ್ದೆಯ 14ನೆಯ ಸೆಕ್ಷನ್ ಪ್ರಕಾರ ನಿಮ್ಮ ತಮ್ಮ ತನ್ನ ಪರವಾಗಿ ಮಾತನಾಡಲು ಒಬ್ಬ ನಾಮನಿರ್ದೇಶಿತ ಪ್ರತಿನಿಧಿಯನ್ನು ಆರಿಸಿಕೊಳ್ಳಬಹುದು. ಬಿಳಿಯ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು. ಪ್ರತಿನಿಧಿ ಒಂದೇ ಮನೆಯಲ್ಲಿರಬೇಕೆಂದಿಲ್ಲ. ಮದುವೆಯಾದ ಅಕ್ಕನೂ ಆಗಬಹುದು. ನೀವೂ ಅದಕ್ಕೆ ಒಪ್ಪಿಗೆ ಕೊಡಬೇಕು. ಆರಿಸುವವನು ಅವನೇ ಆಗಿರಬೇಕು, ಮನಸ್ಸು ಬದಲಾದರೆ ರದ್ದುಪಡಿಸುವ ಹಕ್ಕೂ ಅವನದೇ. ಅವನು ತಿಳಿಯಾಗಿರುವ ದಿನ, ಅವಸರ ಮಾಡದೆ, ಅಮ್ಮನ ಎದುರಿನಲ್ಲೇ ಇದನ್ನು ಅವನಿಗೆ ವಿವರಿಸಿ. ಬರೆದ ಹಾಳೆಯ ಒಂದು ಪ್ರತಿಯನ್ನು ಆ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿಡಿ. ಮಂಗಳವಾರ ಹೋದಾಗ, ಅವನು ನಿನ್ನೆ ಹೇಳಿದ ಬೆಳಗಿನ ಮಂಪರಿನ ಮಾತನ್ನೇ ಮೊದಲು ಹೇಳಿ. ಔಷಧದ ಪ್ರಮಾಣವನ್ನೋ ತೆಗೆದುಕೊಳ್ಳುವ ಹೊತ್ತನ್ನೋ ಬದಲಿಸಲು ಸಾಧ್ಯವೇ ಎಂದು ವೈದ್ಯರು ನೋಡುತ್ತಾರೆ. ಏನಾಯಿತೆಂದು ಇಲ್ಲಿ ಬರೆಯಿರಿ, ಕಾಯುತ್ತಿರುತ್ತೇವೆ.